ಒಣಗುವ ಮೊದಲಿನ ಬಣ್ಣ

ನನಗೆ ಮರೆವು ಬಂದಿದೆಯಂತೆ. ಹಾಗೆ ಹೇಳಿದವರು ಯಾರು ಅಂತ ನನಗೆ ಗೊತ್ತು, ಎಲ್ಲರೆದುರು ಮರ್ಯಾದೆ ತೆಗೆಯುವುದಿಲ್ಲ. ಹೋದ ಸಲ ಈ ಕಥೆ ಶುರು ಮಾಡಿದ್ದೇ ತಡ, "ತಾತ, ಆ ಹೂವು ಹಳದಿ ಅಲ್ವಾ? ನೀವು ಬೇರೆ ಏನೋ ಹೇಳ್ತಿದೀರ" ಎಂದು ಮಧ್ಯೆ ಬಾಯಿ ಹಾಕಿದಿರಿ. ಹಳದಿಯಂತೆ! ನೀವು ಆಗ ಹುಟ್ಟಿದ್ದಿರಾ? ಕನ್ನಡಕ ಎಲ್ಲಿಟ್ಟೆ ಎಂಬುದು ನನಗೆ ಮರೆಯುತ್ತದೆ, ಒಪ್ಪಿದೆ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೂ ಮರೆಯುತ್ತದೆ. ಆದರೆ ಆ ಹೂವಿನ ಬಣ್ಣ ಮರೆತರೆ ನನ್ನನ್ನು ಮನುಷ್ಯ ಅಂತ ಕರೆಯಬೇಡಿ. ಅದಕ್ಕೇ ಈಗ ಫೋನಿನೊಳಗೆ ಮಾತಾಡಿ ಕಳಿಸುತ್ತಿದ್ದೇನೆ. ನೀವು ಎಷ್ಟು ಬೇಕಾದರೂ ಬಾಯಿ ಹಾಕಿ, ನನಗೆ ಕೇಳಿಸುವುದಿಲ್ಲ. ಈ ಯಂತ್ರದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಈಗ ಕೇಳಿ. ಇದು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿದ್ದವನ ಕಥೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಅದು ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಅವನನ್ನು ಒಣಗ್ಲಿಯಣ್ಣ ಎನ್ನುತ್ತಿದ್ದರು. ಯಾಕೆಂದರೆ ಗಿರಾಕಿ ಗೋಡೆಗೆ ಇಂಥ ಬಣ್ಣ ಬೇಕು ಎಂದು ಬಂದರೆ, ಅವನು ಡಿಸ್ಟೆಂಪರ್ ಪುಡಿಯನ್ನು ನೀರಿನಲ್ಲಿ ಕಲಸಿ, ಒಂದೆರಡು ಬಣ್ಣ ಸೇರಿಸಿ, ಕಡ್ಡಿಯಲ್ಲಿ ತಿರುವಿ, ಒಂದು ರಟ್ಟಿನ ತುಂಡಿಗೆ ಬಳಿಯುತ್ತಿದ್ದ. ಗಿರಾಕಿ ತಕ್ಷಣ, "ಅಯ್ಯೋ, ಇದು ತುಂಬಾ ಗಾಢ ಆಯ್ತಲ್ಲ" ಎಂದು ಮುಖ ಹುಳ್ಳಗೆ ಮಾಡುತ್ತಿದ್ದ. ಇವನು ತಲೆ ಕೂಡ ಎತ್ತದೆ, "ಒಣಗ್ಲಿ ಸ್ವಾಮಿ" ಎನ್ನುತ್ತಿದ್ದ. ಆ ಡಿಸ್ಟೆಂಪರಿನ ಗುಣವೇ ಹಾಗೆ. ಹಸಿ ಇದ್ದಾಗ ಗಾಢ, ಒಣಗಿದರೆ ಎಷ್ಟೋ ತಿಳಿ. ಹಸಿ ಬಣ್ಣ ನೋಡಿ ತೀರ್ಪು ಕೊಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಒಮ್ಮೆ ಮಾಲೀಕನೇ ಹಾಗಂದಾಗ, "ಅಂಗಡಿ ನಿಮ್ದು, ಕಣ್ಣು ನಂದು. ಒಣಗ್ಲಿ" ಎಂದನಂತೆ.

ಹೆಂಡತಿ ಸಿಕ್ಕಿದ್ದೂ ಅಲ್ಲೇ. ಅವಳು ಹೊಲಿಗೆಯವಳು. ಯಾವುದೋ ಗಿರಾಕಿಯ ಬಟ್ಟೆಯ ಚೂರು ಹಿಡಿದು ಅಂಗಡಿಗೆ ಬಂದಳು. ಮಾಗಿದ ಪಪ್ಪಾಯಿಯನ್ನು ಸೀಳಿದರೆ ಒಳಗೆ ಕಾಣುತ್ತದಲ್ಲ, ಆ ಬಣ್ಣ, ಅದಕ್ಕೆ ಒಂದು ಚಿಟಿಕೆ ಇಟ್ಟಿಗೆಯ ಕೆಂಪು ತಾಗಿಸಿದಂತೆ. ಅದೇ ಬಣ್ಣವನ್ನು ತನ್ನ ಹೊಲಿಗೆ ಕೋಣೆಯ ಗೋಡೆಗೆ ಬಳಿಯಬೇಕು ಎಂದಳು. ಇವನು ಬೆರೆಸಿ ರಟ್ಟಿಗೆ ಬಳಿದ.

"ಇದೇ!" ಎಂದಳು ಅವಳು.

"ಒಣಗ್ಲಿ" ಎಂದ ಇವನು.

ಒಣಗಿತು. "ಇದಲ್ಲ" ಎಂದಳು ಅವಳು.

ಮತ್ತೆ ಬೆರೆಸಿದ, ಮತ್ತೆ ಅದೇ ಮಾತು. ಒಣಗಿದ ಮೇಲೆ ಸರಿಹೋಗಲಿ ಎಂದು ಗಾಢವಾಗಿ ಬೆರೆಸಿದರೆ ಬಣ್ಣ ಸತ್ತಂತೆ ಇದೆ ಎಂದಳು. ಕೊನೆಗೆ ಅವಳು ಸೊಂಟದ ಮೇಲೆ ಕೈ ಇಟ್ಟು, "ಒಣಗೋಕ್ ಮುಂಚೆ ಚೆನ್ನಾಗಿತ್ತಲ್ಲ, ಅದನ್ನ ಕೊಡಿ" ಎಂದಳು.

"ಒಣಗೋಕ್ ಮುಂಚಿನ ಬಣ್ಣ ಯಾರಿಗೂ ಸಿಗಲ್ಲಮ್ಮ. ನನಗೂ ಸಿಕ್ಕಿಲ್ಲ."

"ಹಾಗಾದ್ರೆ ನಿಮ್ಮ ಅಂಗಡಿ ಯಾಕ್ ಬೇಕು?" ಎಂದು ಹೊರಟುಹೋದಳು. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ. ಗೋಡೆಗೆ ಕೊನೆಗೆ ಬಿಳಿ ಬಣ್ಣ ಬಿತ್ತು. ಮದುವೆಯಾಯಿತು. ಮುಂದಿನದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಕಾಂಪೌಂಡಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ ಮಣ್ಣು. ಅಲ್ಲಿ ಅವಳು ಡೇಲಿಲಿ ಹಾಕಿದಳು. ಡೇಲಿಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಿಡ ನೋಡಿದರೆ ಉದ್ದ ಹುಲ್ಲಿನ ಹಾಗೆ, ಬುಡದಿಂದ ಕಾರಂಜಿ ಎದ್ದಂತೆ ಎಲೆ ಎದ್ದು ಬಾಗಿರುತ್ತದೆ. ನಡುವಿನಿಂದ ಒಂದು ದಂಟು ಏಳುತ್ತದೆ, ತುದಿಗೆ ಮೊಗ್ಗುಗಳು. ಪ್ರತಿ ಮೊಗ್ಗಿಗೂ ಒಂದೇ ಹಗಲು. ಬೆಳಿಗ್ಗೆ ಅರಳಿತೋ, ಸಂಜೆಗೆ ಮುದುಡಿತು, ಅಷ್ಟೇ ಅದರ ಆಯಸ್ಸು. ಮಾರನೆಯ ಬೆಳಿಗ್ಗೆ ಪಕ್ಕದ ಮೊಗ್ಗಿನ ಸರದಿ. ಹೂ ಬಿಡದ ಕಾಲದಲ್ಲಿ ಕೆಂಪು ಹೂವಿನ ಗಿಡ ಯಾವುದು, ಹಳದಿ ಹೂವಿನದು ಯಾವುದು ಅಂತ ಗಿಡವನ್ನು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಎಲ್ಲ ಒಂದೇ ಅಚ್ಚು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಜೆ ಹೊಲಿಗೆ ಮುಗಿಸಿ ಅವಳು ಬಾಡಿದ ಹೂಗಳನ್ನೆಲ್ಲ ಚಿವುಟುತ್ತಿದ್ದಳು. ಬಿಟ್ಟರೆ ಅವು ಲೋಳೆಯಾಗಿ ಪಕ್ಕದ ಮೊಗ್ಗಿಗೆ ಅಂಟಿಕೊಂಡು ಅದನ್ನೂ ಕೆಡಿಸುತ್ತವೆ. ಒಂದು ದಿನ ಗಂಡ ತಾನೂ ಕೈಹಾಕಿದ.

"ರೀ! ಏನ್ ಮಾಡಿದ್ರಿ? ನಾಳೆದನ್ನ ಕಿತ್ತಿದೀರಲ್ಲ!"

"ಎರಡೂ ಒಂದೇ ಥರ ಇದೆ ಕಣೆ. ಉದ್ದಕ್ಕೆ, ಮುಚ್ಕೊಂಡು."

"ನೋಡಿದ್ರೆ ಒಂದೇ ಥರ. ಮುಟ್ಟಿ ನೋಡಿ. ನಿನ್ನೇದು ಮೆತ್ತಗಿರತ್ತೆ, ನಾಳೇದು ಗಟ್ಟಿ. ಬಣ್ಣ ನೋಡೋರಿಗೆ ಬೆರಳಲ್ಲಿ ಬುದ್ಧಿ ಇರಲ್ಲ ಅಂತ ಗೊತ್ತಿದ್ದಿದ್ರೆ ನಾನು ಬಡಗಿಯವನ್ನ ಕಟ್ಕೋತಿದ್ದೆ."

ಅವನು ಕಿತ್ತ ಮೊಗ್ಗನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಹೋದ. ಆಮೇಲೆ ಯಾವತ್ತೂ ಮುಟ್ಟಿ ನೋಡದೆ ಚಿವುಟಲಿಲ್ಲ.

ಆ ಬಣ್ಣ ಅವಳ ತಲೆಯಿಂದ ಹೋಗಿರಲಿಲ್ಲ. ಹೂವಿನಲ್ಲಾದರೂ ಅದನ್ನು ಹಿಡಿಯುತ್ತೇನೆ ಎಂದು ಹಟ ಹಿಡಿದಳು. ಬೆಳಿಗ್ಗೆ ಬಿಸಿಲೇರುವ ಮೊದಲು ದಾರದ ತುದಿ ಎಳೆಯುವ ತನ್ನ ಚಿಮಟದಿಂದ ಒಂದು ಹೂವಿನ ಕೇಸರವನ್ನು ಕಿತ್ತು, ಅದರ ಪುಡಿಯನ್ನು ಇನ್ನೊಂದು ಹೂವಿನ ನಡುವಿನ ಉದ್ದ ಎಳೆಯ ತುದಿಗೆ ಸವರುತ್ತಿದ್ದಳು. ಸವರಿದ ಹೂವಿಗೆ ಗುರುತಿಗೆ ದಾರ ಕಟ್ಟುತ್ತಿದ್ದಳು. ಕಾಯಿ ಕಟ್ಟಿ ಒಡೆದರೆ ಒಳಗೆ ಮೆಣಸಿನ ಕಾಳಿನಂಥ ಕರಿ ಬೀಜ. ಬಿತ್ತಿದರೆ ಹುಲ್ಲಿನಷ್ಟು ಸಣ್ಣ ಸಸಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಕಾದು ಕಾದು ನೋಡಿದರೆ ಬಂದಿದ್ದು ಒಂದು ಮಂಕು ಹಳದಿ, ಇನ್ನೊಂದು ಕಂದು. ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ.

"ಬಿಡೇ, ನರ್ಸರಿಯಿಂದ ಒಂದು ಗಿಡ ತರೋಣ" ಎಂದರೆ, "ನೀವು ಬಣ್ಣ ಬೆರೆಸ್ತೀರಿ, ಅದು ಒಣಗತ್ತೆ. ನಾನು ಬೆರೆಸೋದು ಒಣಗಲ್ಲ. ಒಂದು ದಿನ ಹಸಿಯಾಗೇ ಇದ್ದು ಹೋಗತ್ತೆ. ಯಾರ್ದು ಹೆಚ್ಚು ಹೇಳಿ" ಎನ್ನುತ್ತಿದ್ದಳು. ಅದಕ್ಕೆ ಉತ್ತರ ಯಾರ ಹತ್ತಿರ ಇದೆ?

ಕೊನೆಯ ಸಲ ಅವಳು ಬಿತ್ತಿದ್ದರಲ್ಲಿ ಒಂದೇ ಒಂದು ಸಸಿ ಉಳಿಯಿತು. ಅದರ ಎಲೆಗೆ ಕೆಂಪು ದಾರ ಕಟ್ಟಿದಳು. ಅದು ಮೊದಲ ದಂಟು ಎತ್ತಿದ ಬೇಸಿಗೆಯಲ್ಲೇ ಅವಳು ಆಸ್ಪತ್ರೆ ಸೇರಿದಳು. ಏನು ಕಾಯಿಲೆ, ಎಲ್ಲಿಂದ ಬಂತು, ಅದೆಲ್ಲ ಬೇಡ. ಡಾಕ್ಟರು ಅವನನ್ನು ಹೊರಗೆ ಕರೆದು ಮಾತಾಡುವಂಥ ಕಾಯಿಲೆ.

ಸಂಜೆ ಮಾತ್ರ ರೋಗಿಯನ್ನು ನೋಡಲು ಬಿಡುತ್ತಿದ್ದರು. ಅವನು ಹೋಗಿ ಸ್ಟೂಲಿನ ಮೇಲೆ ಕೂರುವಷ್ಟರಲ್ಲೇ ಅವಳ ಪ್ರಶ್ನೆ, "ಬಿಡ್ತಾ?"

"ಇನ್ನೂ ಇಲ್ಲ. ಎರಡು ಮೊಗ್ಗಿದೆ."

"ಬಣ್ಣ ಇಣುಕ್ತಿದ್ಯಾ?"

"ಹಸಿರೇ ಇದೆ ಕಣೆ. ಮೊದಲು ನೀನು ಮಲಗು."

"ಮಲಗೇ ಇದೀನಲ್ಲ, ಇನ್ನೇನ್ ನಿಂತಿದೀನಾ?"

ಪಕ್ಕದ ಹಾಸಿಗೆಯವರು ನಗುತ್ತಿದ್ದರು. ನರ್ಸಮ್ಮನೂ ಬಂದು "ನಿಮ್ಮ ಮಗು ಹುಟ್ತಾ?" ಎಂದು ಕೇಳಿ ಹೋಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ, ಆದರೂ ಆ ಮಾತಿಗೆ ಇಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತ ಹೊರಗೆ ಬಂದರೆ, ಅರಳಿದೆ. ಬಾಯಲ್ಲಿ ನೊರೆ ಇಟ್ಟುಕೊಂಡು ಹಾಗೇ ನಿಂತ. ಪಪ್ಪಾಯಿಯ ಒಳಗಿನ ಬಣ್ಣ, ಅಂಚಿಗೆ ಇಟ್ಟಿಗೆ. ಅಂದು ಅಂಗಡಿಯಲ್ಲಿ ಅವಳು ಹಿಡಿದಿದ್ದ ಬಟ್ಟೆಯ ಚೂರು ಎದ್ದು ಬಂದು ಗಿಡದಲ್ಲಿ ಕೂತಂತೆ.

ಈಗ ನೀವು ಕೇಳುತ್ತೀರಿ, ಫೋಟೋ ತೆಗೆದು ತೋರಿಸಬಾರದಿತ್ತಾ ಎಂದು. ಆಗ ಫೋನು ಗೋಡೆ ಪಕ್ಕದ ಮೇಜಿನ ಮೇಲೆ ಕೂತಿರುತ್ತಿತ್ತು, ಅದೂ ಎದುರುಮನೆಯಲ್ಲಿ. ಕಿತ್ತುಕೊಂಡು ಹೋಗಬಾರದಿತ್ತಾ? ಸಂಜೆ ಬಾಗಿಲು ತೆಗೆಯುವ ಹೊತ್ತಿಗೆ ಅದು ಮುದುಡಿದ ಚಿಂದಿ. ಅದೂ ಅಲ್ಲದೆ ವಾರ್ಡಿನೊಳಗೆ ಹೂ ತರಬಾರದು ಎಂದು ದೊಡ್ಡದಾಗಿ ಬರೆದು ಹಾಕಿದ್ದರು. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ಓಡಿಹೋಗಿ ಅಂಗಡಿಯಿಂದ ಪುಡಿ, ರಟ್ಟು, ಕಡ್ಡಿ ತಂದ. ಅಲ್ಲಿ ಮಾಲೀಕ ಹಿಡಿದು ನಿಲ್ಲಿಸಿ ಅರ್ಧ ದಿನದ ಕೆಲಸ ಹಚ್ಚಿದ, ತಡವಾಯಿತು. ಗಿಡದ ಮುಂದೆ ಮಂಡಿಯೂರಿ ಕೂತು ಬೆರೆಸತೊಡಗಿದಾಗ ಬಿಸಿಲು ನೆತ್ತಿ ದಾಟಿತ್ತು. ಬೆರೆಸಿದ, ಬಳಿದ, ಹೂವಿನ ಪಕ್ಕ ಹಿಡಿದ. ಅಲ್ಲ. ಮತ್ತೆ ಬೆರೆಸಿದ. ಅಲ್ಲ. ಹೂವಿನ ಅಂಚು ಆಗಲೇ ಸುರುಳಿಯಾಗುತ್ತಿತ್ತು. ಕೊನೆಗೆ ಒಂದು ಸಲ ರಟ್ಟೂ ಹೂವೂ ಒಂದೇ ಆದವು. ಎಲ್ಲಿ ಹೂ ಮುಗಿಯಿತು, ಎಲ್ಲಿ ಬಣ್ಣ ಶುರುವಾಯಿತು ಎಂದು ಅವನಿಗೇ ತಿಳಿಯದಷ್ಟು. ರಟ್ಟನ್ನು ಉಜ್ಜಿಹೋಗದಂತೆ ಊಟದ ಡಬ್ಬಿಯೊಳಗೆ ಇಟ್ಟು, ಮುಚ್ಚಳ ಹಾಕಿ, ಬಸ್ಸು ಹತ್ತಿದ.

ಅವಳು ಡಬ್ಬಿ ತೆರೆದಳು. ತುಂಬ ಹೊತ್ತು ನೋಡಿದಳು. ಹೆಬ್ಬೆರಳಿಂದ ಮೂಲೆಯನ್ನು ಒತ್ತಿದಳು. ಬೆರಳಿಗೆ ಬಣ್ಣ ಹತ್ತಿತು.

"ಅಯ್ಯೋ ನಿಮ್ಮ! ಊರಿಗೆಲ್ಲ ಒಣಗ್ಲಿ ಒಣಗ್ಲಿ ಅಂತ ಪಾಠ ಹೇಳೋರು, ನನಗೆ ಮಾತ್ರ ಹಸೀದನ್ನ ತಂದಿದೀರಲ್ಲ!"

ಪಕ್ಕದ ಹಾಸಿಗೆಯವಳು ನಕ್ಕಳು. ಇವನಿಗೆ ಮಾತ್ರ ನಗು ಬರಲಿಲ್ಲ. "ಸರಿ ಇದ್ಯಾ?" ಎಂದ.

"ಇದೇ" ಎಂದಳು. ಮತ್ತೆ, ಕಣ್ಣು ಮುಚ್ಚಿಕೊಂಡು, "ಇದೇ ರೀ."

ಆ ವಾರ ದಾಟಲಿಲ್ಲ ಅವಳು. ಎರಡನೆಯ ಮೊಗ್ಗು ಯಾವಾಗ ಅರಳಿ ಯಾವಾಗ ಮುದುಡಿತೋ, ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.

ರಟ್ಟು ಉಳಿಯಿತು. ಮೂಲೆಯಲ್ಲಿ ಹೆಬ್ಬೆರಳಿನ ಗೆರೆಗಳು ಹಾಗೇ ಒಣಗಿ ಕೂತಿದ್ದವು. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ ಎಂದು ಅವನು ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟ. ಎಷ್ಟೋ ದಿನ ಮುಚ್ಚಳ ತೆಗೆಯುವ ಧೈರ್ಯ ಬರಲಿಲ್ಲ. ಮುಂದಿನ ಬೇಸಿಗೆಗೆ ಹೂವನ್ನೇ ನೋಡೋಣ ಎಂದುಕೊಂಡ. ಅವನಿಗೆ ಬೇಕಿದ್ದದ್ದು ಅಷ್ಟೇ: ಅವಳು ನೋಡದೆ ಹೋದ ಹೂವನ್ನು ಅವಳ ಪರವಾಗಿ ಇನ್ನೊಂದು ಸಲ ನೋಡಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ, ಪೂರ್ತಿ.

ಅಷ್ಟರಲ್ಲಿ ಕಾಂಪೌಂಡಿನ ಕೆಳಗೆ ನೀರಿನ ಪೈಪು ಒಡೆಯಿತು. ಅವನು ಅಂಗಡಿಗೆ ಹೋಗಿದ್ದಾಗ ಕೊಳಾಯಿಯವನು ಬಂದು ಇಡೀ ಪಟ್ಟಿಯನ್ನು ಅಗೆದು, ಗಿಡಗಳನ್ನೆಲ್ಲ ಕಿತ್ತು, ಬಿಸಿಲಿಗೆ ರಾಶಿ ಹಾಕಿದ. ಪುಣ್ಯಕ್ಕೆ ನಾದಿನಿ ಆ ದಾರಿಯಲ್ಲಿ ಬಂದಳು. ನಾದಿನಿ ಎಂದರೆ ಹೆಂಡತಿಯ ತಂಗಿ, ಹಿಂದಿನ ಬೀದಿಯವಳು, ಮನೆ ಮುಂದೆ ತಗಡಿನ ಚಾವಣಿ ಕಟ್ಟಿಕೊಂಡು ಇಸ್ತ್ರಿ ಅಂಗಡಿ ನಡೆಸುತ್ತಿದ್ದಳು. ಅಕ್ಕ ಮಾಡುವುದನ್ನು ನೋಡಿದ್ದಳು. ಬೇರು ತೊಳೆದು, ಒಂದಕ್ಕೊಂದು ಅಂಟಿಕೊಂಡ ಬುಡಗಳನ್ನು ಬಿಡಿಸಿ, ಬಾಡದಿರಲಿ ಎಂದು ಎಲೆಗಳನ್ನೆಲ್ಲ ಗೇಣುದ್ದಕ್ಕೆ ಕತ್ತರಿಸಿ, ಅರ್ಧ ಗಿಡಗಳನ್ನು ಪೈಪಿನ ಆಚೆ ನೆಟ್ಟಳು. ಜಾಗ ಸಾಲದ್ದನ್ನು ತನ್ನ ಮನೆಗೆ ಹೊತ್ತೊಯ್ದು ಇಸ್ತ್ರಿ ಮೇಜಿನ ಪಕ್ಕ ನೆಟ್ಟಳು. ಒಂದೂ ಸಾಯಲಿಲ್ಲ.

ಸಂಜೆ ಅವನು ಬಂದು ನೋಡಿ, ನೇರ ಅವಳ ಮನೆಗೆ ಹೋದ.

"ಕೆಂಪು ದಾರದ್ದು ಎಲ್ಲಿ?"

"ಯಾವ ದಾರ ಭಾವ?"

"ಎಲೆಗೆ ಕಟ್ಟಿತ್ತು. ನಿಮ್ಮಕ್ಕ ಕಟ್ಟಿದ್ಲು."

ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. ಕತ್ತರಿಸಿದ ಎಲೆಗಳನ್ನು ಎಲ್ಲಾ ಗುಡಿಸಿ ಕಸದ ಗಾಡಿಗೆ ಹಾಕಿಯಾಗಿತ್ತು.

"ಎಲೆ ಕತ್ತರಿಸು ಅಂತ ನಿನಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಅಕ್ಕ ಹೇಳ್ಕೊಟ್ಟಿದ್ಲು! ನಾನ್ ಬರ್ದೆ ಇದ್ದಿದ್ರೆ ಎಲ್ಲಾ ಒಣಗಿ ಕಡ್ಡಿಯಾಗಿರೋದು. ಅದಕ್ಕೊಂದು ಒಳ್ಳೇ ಮಾತಿಲ್ಲ, ಬಂದ್ಬಿಟ್ರು!"

ಅವನು ಬಂದ ಹಾಗೇ ತಿರುಗಿ ಹೋದ. ಇಬ್ಬರಿಗೂ ರಾತ್ರಿ ಊಟ ಸೇರಲಿಲ್ಲ ಎಂದು ನಾನು ಹೇಳಬೇಕಿಲ್ಲ. ಅವಳಿಗೆ ಹೋದದ್ದು ಅಕ್ಕ ಅಲ್ಲವೇ?

ಮುಂದಿನ ಬೇಸಿಗೆ ಬಂತು. ಡಬ್ಬಿ ತೆಗೆದ. ರಟ್ಟಿನ ಮೇಲೆ ಇದ್ದದ್ದು ತಿಳಿ ಬಣ್ಣ, ಹಾಲಿಗೆ ಪಪ್ಪಾಯಿ ಕದಡಿದಂತೆ. ಅವನ ನೆನಪಿನಲ್ಲಿದ್ದ ಹೂ ಹೀಗಿರಲಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅವಳೇ ನೋಡಿ "ಇದೇ" ಎಂದಿದ್ದಳಲ್ಲ? ತನ್ನ ನೆನಪು ಸುಳ್ಳಿರಬಹುದು, ದುಃಖದಲ್ಲಿ ಬಣ್ಣ ಏರಿಸಿಕೊಂಡಿರಬಹುದು. ಅವಳ ಮಾತು ಸುಳ್ಳಲ್ಲ. ತನ್ನ ನೆನಪನ್ನು ಬಿಟ್ಟು ರಟ್ಟನ್ನು ನಂಬಿದ. ನೋಡಿ, ನೆನಪನ್ನು ನಂಬದವರಿಗೆ ಏನಾಗುತ್ತದೆ ಅಂತ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಕೆಲವರ ಕಿವಿಗೆ ಬೀಳಲಿ ಎಂದೇ ಹೇಳುತ್ತಿದ್ದೇನೆ.

ಪ್ರತಿ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಮನೆಯ ಗಿಡಗಳ ಮುಂದೆ ರಟ್ಟು ಹಿಡಿದು ನಿಲ್ಲುತ್ತಿದ್ದ. ಆಮೇಲೆ ನಾದಿನಿಯ ಮನೆ. ಮುಖ ಊದಿಸಿಕೊಂಡೇ ಅವಳು ಕಾಫಿ ತಂದಿಡುತ್ತಿದ್ದಳು, ಮುಖ ಊದಿಸಿಕೊಂಡೇ ಅವನು ಕುಡಿಯುತ್ತಿದ್ದ. ಆಮೇಲೆ ಬಾಗಿ, ಅರಳಿದ ಒಂದೊಂದು ಹೂವಿಗೂ ರಟ್ಟು ಹಿಡಿದು, "ಇದಲ್ಲ... ಇದಲ್ಲ..." ಎನ್ನುತ್ತ ಸಾಗುತ್ತಿದ್ದ. ಬಟ್ಟೆ ಕೊಡಲು ಬಂದವರು ನೋಡಿ, "ಹೂವಿಗೆ ಬಣ್ಣ ಹೊಡಿಯೋಕ್ ಗುತ್ತಿಗೆ ಹಿಡಿದಿದೀರಾ ಒಣಗ್ಲಿಯಣ್ಣ?" ಎಂದು ಕಾಲೆಳೆಯುತ್ತಿದ್ದರು. ಕಿತ್ತು ನೆಟ್ಟ ಗಿಡಗಳಲ್ಲಿ ಎಷ್ಟೋ ಆ ಬೇಸಿಗೆ ಹೂವೇ ಬಿಡಲಿಲ್ಲ. ಅದೇ ಆಸೆ. ಹೂ ಬಿಡದ್ದರಲ್ಲಿ ಅದು ಇದ್ದೇ ಇರುತ್ತದೆ.

ಅದರ ಮುಂದಿನ ಬೇಸಿಗೆ. ಇಸ್ತ್ರಿ ಮೇಜಿನ ಕಾಲಿನ ಪಕ್ಕದಲ್ಲೇ ಒಂದು ಗಿಡ ಮೊದಲ ಸಲ ದಂಟೆತ್ತಿ ಹೂ ಬಿಟ್ಟಿತ್ತು. ನಾದಿನಿ ಅವನು ಬರುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಗೇಟಿನ ಹತ್ತಿರವೇ ತಡೆದು, "ಭಾವ, ಸಿಕ್ತು! ಅಕ್ಕ ಯಾವಾಗ್ಲೂ ಹೇಳೋಳಲ್ಲ, ಪಪ್ಪಾಯಿ ಬಣ್ಣ, ಬನ್ನಿ ನೋಡಿ" ಎಂದು ಕೈಹಿಡಿದು ಎಳೆದುಕೊಂಡು ಹೋದಳು.

ಅವನು ನೋಡಿದ. ಗುಂಡಿಗೆ ಒಂದು ಸಲ ಜಿಗಿಯಿತು. ರಟ್ಟು ಹಿಡಿದ. ಗುಂಡಿಗೆ ವಾಪಸ್ಸು ಕೂತಿತು.

"ಅಲ್ಲ. ಇದು ಗಾಢ. ಎಲ್ಲೋ ಎರಡು ಶೇಡು ಗಾಢ."

"ಎಲ್ಲಾದ್ರಲ್ಲೂ ಶೇಡು! ಹೂವು ಭಾವ ಇದು, ಗೋಡೆ ಅಲ್ಲ. ನಿಮ್ಮ ಕಣ್ಣಿಗೆ ಏನನ್ಸತ್ತೆ, ಅದನ್ನ ಹೇಳಿ. ಆ ರಟ್ಟು ಆಚೆ ಇಡಿ."

"ಕಣ್ಣಿಗೆ ಅನ್ಸೋದ್ ಬೇರೆ. ನಿಮ್ಮಕ್ಕ ನೋಡಿ ಒಪ್ಪಿರೋದು ಈ ರಟ್ಟನ್ನ."

"ನೀವ್ ನನ್ನ ಮೇಲಿನ ಸಿಟ್ಟಿಗೆ ಅಲ್ಲ ಅಂತಿದೀರ."

"ನಿನ್ನ ಮೇಲೆ ನಂಗ್ಯಾಕೆ ಸಿಟ್ಟು?" ಎಂದ ಅವನು, ಸಿಟ್ಟಿನಿಂದ.

ಅವಳು ಮತ್ತೆ ಆ ಹೂವಿನ ವಿಷಯ ಎತ್ತಲಿಲ್ಲ. ಆದರೆ ಆ ಗಿಡಕ್ಕೆ ತನ್ನ ಕೈಯಾರೆ ಒಂದು ಕೆಂಪು ದಾರ ಕಟ್ಟಿದಳು. ಅವನು ಅದನ್ನು ಕಂಡೂ ಕಾಣದವನಂತೆ ಹೋದ.

ಆ ವರ್ಷದಿಂದ ಅವನು ತಾನೇ ಹೆಂಡತಿಯ ಚಿಮಟ ಹಿಡಿದು ಹೂವಿಂದ ಹೂವಿಗೆ ಪುಡಿ ಸವರತೊಡಗಿದ. ಆ ಗಿಡ ಕಳೆದೇ ಹೋಗಿದ್ದರೆ ರಟ್ಟಿನ ಬಣ್ಣವನ್ನು ಹೊಸದಾಗಿ ಹುಟ್ಟಿಸುತ್ತೇನೆ ಎಂಬ ಹುಚ್ಚು. ಕುಂಡಗಳಲ್ಲಿ ಹುಲ್ಲಿನಂಥ ಸಸಿಗಳೆದ್ದವು. ಅವುಗಳ ಮುಂದೆ ಕೂತು, ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದ: ಮಾಲೀಕನ ಜಿಪುಣತನ, ಮೊಣಕಾಲು ನೋವು, ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದು. ಸಂಜೆ ಮುಟ್ಟಿ ನೋಡಿ, ಮೆತ್ತಗಿದ್ದುದನ್ನು ಮಾತ್ರ ಚಿವುಟುತ್ತಿದ್ದ. ಕೆಲವೊಮ್ಮೆ ಗಟ್ಟಿ ಮೊಗ್ಗನ್ನು ಸುಮ್ಮನೆ ಬೆರಳಲ್ಲಿ ಹಿಡಿದು ಕೂತಿರುತ್ತಿದ್ದ. ನಾಳೆ ಯಾವ ಬಣ್ಣ ಬರುತ್ತದೆ ಎಂದು ಗೊತ್ತಿದ್ದರೂ.

ಮತ್ತೊಂದು ಬೇಸಿಗೆ. ಒಂದು ಬೆಳಿಗ್ಗೆ ಅವನು ನಾದಿನಿಯ ಮನೆಗೆ ಬಂದಾಗ ಅವಳು ಯಾವುದೋ ಶಾಲೆಯ ಬಟ್ಟೆಗಳ ರಾಶಿಯಲ್ಲಿ ಮುಳುಗಿದ್ದಳು. ಕೆಂಪು ದಾರದ ಗಿಡ ಆ ವರ್ಷ ಹೊದರು ಕಟ್ಟಿ, ಹಲವು ದಂಟೆತ್ತಿ, ಮೇಜಿನ ಎತ್ತರಕ್ಕೆ ಹೂ ಬಿಟ್ಟು ನಿಂತಿತ್ತು. ಅವನು ಎಂದಿನಂತೆ ಅದರ ಕಡೆ ನೋಡದೆ ಉಳಿದವನ್ನೆಲ್ಲ ನೋಡಿ ಮುಗಿಸಿದ. ಕಾಫಿ ಲೋಟ ಎತ್ತಿಕೊಳ್ಳಲು ರಟ್ಟನ್ನು ಮೇಜಿನ ಅಂಚಿಗೆ, ಹರಡಿದ್ದ ಒಂದು ಅಂಗಿಯ ಮೇಲೆ ಇಟ್ಟ.

ಇಸ್ತ್ರಿ ಮಾಡುವವರ ಕೈ ಗೊತ್ತಲ್ಲ, ಕಣ್ಣು ಬೇರೆ ಕಡೆ ಇದ್ದರೂ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನಾದಿನಿ ಯಾರೊಂದಿಗೋ ಬೀದಿಗೆ ಕೂಗಿ ಮಾತಾಡುತ್ತ, ಬಟ್ಟಲಿಗೆ ಬೆರಳದ್ದಿ, ಅಂಗಿಯ ಮೇಲೆ ಸರಸರ ನೀರು ಚಿಮುಕಿಸಿದಳು.

"ಏಯ್! ರಟ್ಟು!"

ಅವನು ಲೋಟ ಬಿಟ್ಟ. ಕಾಫಿ ಚೆಲ್ಲಿತು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಅವಳು, "ಅಯ್ಯಯ್ಯೋ, ನೋಡ್ಲಿಲ್ಲ ಭಾವ, ದೇವ್ರಾಣೆ ನೋಡ್ಲಿಲ್ಲ" ಎಂದು ಸೆರಗಿನಿಂದ ಒರೆಸಲು ಬಂದಳು.

"ಒರೆಸ್ಬೇಡ! ಬಣ್ಣ ಎದ್ದು ಬರತ್ತೆ. ಮುಟ್ಬೇಡ!"

ಅವಳು ಕೈ ಹಿಂದೆಳೆದುಕೊಂಡಳು. ಬೈಗುಳ ಬರುತ್ತದೆ ಎಂದು ಕಾದಳು. ಬರಲಿಲ್ಲ. ಅವನು ರಟ್ಟನ್ನೇ ನೋಡುತ್ತಿದ್ದ. ತಿಳಿ ಬಣ್ಣದ ಮೇಲೆ ನೀರಿನ ಹನಿ ಬಿದ್ದಲ್ಲೆಲ್ಲ ಗಾಢ ಚುಕ್ಕೆಗಳು. ಪಪ್ಪಾಯಿಯ ಒಳಗಿನ ಬಣ್ಣ. ಚುಕ್ಕೆಯ ಅಂಚಿಗೆ ಇಟ್ಟಿಗೆ. ಮತ್ತು ರಟ್ಟಿನ ಹಿಂದೆ, ಮೇಜಿನಾಚೆ, ಅದೇ ಬಣ್ಣದ ಹೂವು, ಕೆಂಪು ದಾರ ಕಟ್ಟಿಸಿಕೊಂಡು, ಹೋದ ವರ್ಷದಿಂದ ನಿಂತೇ ಇತ್ತು.

ಅವನು ಬಟ್ಟಲಿಗೆ ಬೆರಳದ್ದಿದ. ಹೆಬ್ಬೆರಳಿನ ಗುರುತಿದ್ದ ಮೂಲೆಯನ್ನು ತನ್ನ ಅಂಗೈಯಿಂದ ಮುಚ್ಚಿಕೊಂಡು, ಅದರ ಎದುರು ಮೂಲೆಗೆ ಮಾತ್ರ ಒಂದು ಹನಿ ಬಿಟ್ಟ. ಬಣ್ಣ ನೀರು ಕುಡಿಯಿತು, ಏರಿತು, ನಿಂತಿತು. ಅದನ್ನು ಹೂವಿನ ಪಕ್ಕ ಹಿಡಿದ. ಎಲ್ಲಿ ಹೂ ಮುಗಿಯಿತು, ಎಲ್ಲಿ ಬಣ್ಣ ಶುರುವಾಯಿತು, ತಿಳಿಯಲಿಲ್ಲ.

"ಹಸೀದನ್ನ ಹೊಂದಿಸಿದ್ದೆ" ಎಂದ. "ಹೂವು ಮುಚ್ಕೊಳ್ತಿತ್ತು ಕಣಮ್ಮ. ಒಣಗೋ ತನಕ ಕಾಯೋಕೆ ಪುರುಸೊತ್ತಿರ್ಲಿಲ್ಲ. ಹಸೀದನ್ನೇ ಹೊಂದಿಸ್ಕೊಂಡು ಓಡಿದೆ."

"ಹಾಗಾದ್ರೆ ಇದು..."

"ಇದೇ. ನೀನ್ ಹೇಳಿದ್ದೇ ಸರಿ. ಇದೇ."

ನಾದಿನಿಗೆ ಒಂದೇ ಸಲ ಅಳುವೂ ಸಿಟ್ಟೂ ಬಂತು. "ಊರಿಗೆಲ್ಲ ಒಣಗ್ಲಿ ಅಂತ ಹೇಳೋ ಬಾಯಿ! ಎರಡು ಬೇಸಿಗೆ ನನ್ನ ಹೊಟ್ಟೆ ಉರಿಸಿದ್ರಲ್ಲ ಭಾವ! ನನ್ನ ಕೈಯಾರೆ ಅಕ್ಕನ ಗಿಡ ಕಳೆದೆ ಅಂತ ನಾನು..." ಕೈಯಲ್ಲಿದ್ದ ಶಾಲೆಯ ಅಂಗಿಯಿಂದಲೇ ಮೂಗೊರೆಸಿಕೊಂಡಳು.

ಅವನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತ. ಆಮೇಲೆ ಅವನ ಮುಖ ನಿಧಾನಕ್ಕೆ ಬೇರೆಯಾಗುತ್ತ ಬಂತು. ಅವನು ಆಸ್ಪತ್ರೆಯ ಆ ಸಂಜೆಗೆ ಹೋಗಿದ್ದ. ಮುಚ್ಚಿದ ಡಬ್ಬಿ. ಒಳಗೆ ತೇವ. ಅವಳ ಹೆಬ್ಬೆರಳಿಗೆ ಹತ್ತಿದ ಬಣ್ಣ.

"ಒಣಗಿರ್ಲಿಲ್ಲ" ಎಂದ.

"ಏನು ಭಾವ?"

"ಅವಳು ನೋಡಿದಾಗ ಒಣಗಿರ್ಲಿಲ್ಲ. ಬೆರಳಿಗೆ ಹತ್ತಿತ್ತು. ನನ್ನ ಬೈದ್ಲು, ಹಸೀದನ್ನ ತಂದಿದೀರಲ್ಲ ಅಂತ." ಅವನು ನಾದಿನಿಯ ಕಡೆ ತಿರುಗಿದ. "ನಾನು ಇಷ್ಟು ದಿನ ಏನ್ ತಿಳ್ಕೊಂಡಿದ್ದೆ ಅಂದ್ರೆ, ಅವಳು ಅವಳ ಹೂವು ನೋಡ್ದೆ ಹೋದ್ಲು ಅಂತ. ನೋಡಿದ್ಲು ಕಣಮ್ಮ. ಸರಿಯಾದ ಬಣ್ಣ ನೋಡಿದೋಳು ಅವಳೊಬ್ಬಳೇ. ನಾನು ಒಣಗಿದ್ದನ್ನ ಹಿಡ್ಕೊಂಡು ಓಡಾಡ್ದೆ."

ಅವತ್ತು ಅವನು ಅಂಗಡಿಗೆ ಹೋಗಲಿಲ್ಲ. ಬಟ್ಟೆ ಗಂಟಿನ ಮೇಲೆ ಕೂತು ಹೂವನ್ನೇ ನೋಡಿದ. ಬಿಸಿಲು ಏರಿತು, ಅವನು ತಗಡಿನ ನೆರಳಿಗೆ ಸರಿಯಲಿಲ್ಲ. ನಾದಿನಿ ಊಟ ತಂದಿಟ್ಟಳು, ನೋಡುತ್ತಲೇ ಉಂಡ. ಬಟ್ಟೆ ಒಯ್ಯಲು ಬಂದ ಡ್ರೈವರು, "ಏನಣ್ಣ, ಹೂವು ಒಣಗ್ಲಿ ಅಂತ ಕಾಯ್ತಿದೀರಾ?" ಎಂದ. "ಹೂಂ ಕಣಪ್ಪ" ಎಂದ ಇವನು, ಸಿಟ್ಟಿಲ್ಲದೆ. ಮಧ್ಯಾಹ್ನ ಕಳೆದು ಅಂಚುಗಳು ಸುರುಳಿಯಾದವು. ಸಂಜೆಗೆ ದಳಗಳು ಒಂದರೊಳಗೊಂದು ಸೇರಿ ಮುಚ್ಚಿಕೊಂಡವು. ಬಣ್ಣ ಒಳಗೇ ಇತ್ತು, ಕಾಣಿಸುತ್ತಿರಲಿಲ್ಲ. ಹೆಂಡತಿ ಇದ್ದಿದ್ದರೆ ಪಕ್ಕದಲ್ಲಿ ಕೂತು ಏನಾದರೂ ಕೊಂಕು ತೆಗೆಯುತ್ತಿದ್ದಳು. ಆ ಕೊಂಕು ಏನಿರುತ್ತಿತ್ತು ಎಂದು ಅವನು ಎಷ್ಟೋ ಹೊತ್ತು ಯೋಚಿಸಿದ. ಹೊಳೆಯಲಿಲ್ಲ. ಅವಳ ಮಾತು ಅವಳಿಗೇ ಬರಬೇಕು.

"ಗುದ್ದಲಿ ತರ್ಲಾ ಭಾವ? ಕಿತ್ಕೊಡ್ತೀನಿ, ಮನೆಗೆ ತಗೊಂಡ್ಹೋಗಿ."

"ಹೂ ಇರೋವಾಗ ಬೇಡ. ಎಲ್ಲಾ ಮುಗೀಲಿ, ಆಮೇಲೆ ಬುಡ ಬಿಡಿಸಿ ಅರ್ಧ ಕೊಡು. ಅರ್ಧ ಇಲ್ಲೇ ಇರ್ಲಿ."

"ಎಲೆ ನಾನು ಕತ್ತರಿಸ್ಬಹುದಾ?" ಎಂದಳು ನಾದಿನಿ, ಓರೆಗಣ್ಣಲ್ಲಿ ನೋಡುತ್ತ.

"ಕತ್ತರಿಸು. ಆದ್ರೆ ದಾರ ಬೇರಿಗೆ ಕಟ್ಟು."

ಇಬ್ಬರೂ ನಕ್ಕರು. ಅವನು ಎದ್ದು, ಮುದುಡಿದ ಹೂವನ್ನು ಮುಟ್ಟಿ ನೋಡಿದ. ಮೆತ್ತಗಿತ್ತು. ಚಿವುಟಿದ. ಪಕ್ಕದ್ದನ್ನು ಮುಟ್ಟಿದ. ಗಟ್ಟಿಯಿತ್ತು. ಅದನ್ನು ಬಿಟ್ಟು, ಚಿವುಟಿದ್ದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದ.

ಇಷ್ಟೇ ಕಥೆ. ಅವನೂ ಈಗಿಲ್ಲ, ನಾದಿನಿಯೂ ಇಲ್ಲ, ಆ ತಗಡಿನ ಚಾವಣಿ ಇದ್ದಲ್ಲಿ ಈಗ ಚಪ್ಪಲಿ ಅಂಗಡಿ. ಆದರೆ ಆ ಬುಡವನ್ನು ಬಿಡಿಸಿ ಬಿಡಿಸಿ ಎಷ್ಟೋ ಮನೆಗೆ ಕೊಟ್ಟರು, ನನ್ನ ಕಿಟಕಿಯ ಕೆಳಗೂ ಒಂದಿದೆ, ಇವತ್ತು ಮೂರು ಬಿಟ್ಟಿದೆ. ಕೇಳಿಸಿಕೊಂಡಿರಲ್ಲ, ಈಗ ನಿಮ್ಮ ಕೆಲಸ. ಕಥೆಯನ್ನು ಇನ್ನೊಬ್ಬರಿಗೆ ಕಳಿಸಿ. ಗಿಡ ಬೇಕು ಎಂದವರಿಗೆ ಬುಡವನ್ನೂ ಕೊಡಿ, ಮಳೆ ಹಿಡಿಯುವ ಮುಂಚೆ ಬಂದು ಕಿತ್ತುಕೊಂಡು ಹೋಗಲಿ. ಹೇಳುವಾಗ ಏನನ್ನು ಬೇಕಾದರೂ ಮರೆಯಿರಿ, ನನ್ನ ಹೆಸರನ್ನೂ ಬಿಟ್ಟುಬಿಡಿ. ಹೂವು ಹಳದಿ ಅಂತ ಮಾತ್ರ ಹೇಳಬೇಡಿ.